ಪೆನ್ಸಿಲ್ಲಿನ ಕೋಣೆ

ಪೆನ್ನು ತೆಗೆಯಬೇಡಿ ಎಂದು ಸಿಸ್ಟರಕ್ಕ ಮೊದಲ ದಿನವೇ ಹೇಳಿದ್ದಳು. ಮಕ್ಕಳ ಮನೋರೋಗ ವಿಭಾಗದ ಆ ಮೂಲೆಕೋಣೆಯಲ್ಲಿ ಮೂರು ಭೇಟಿ ಮುಗಿಯುವ ತನಕ ಎಲ್ಲರೂ ಪೆನ್ಸಿಲ್ಲಿನಲ್ಲೇ ಬರೆಯುವುದು. ಹಿಂದೊಮ್ಮೆ ಯಾರೋ ಅವಸರದಲ್ಲಿ ಒಂದು ಮಗುವಿನ ಹಣೆಗೆ ಇಲ್ಲದ ಕಾಯಿಲೆ ಬರೆದಾಗ, ಅದರ ತಾಯಿ ಮೇಜಿನ ಮೇಲೆ ಅಂಗೈ ಊರಿ ಶಾಪ ಹಾಕಿದ್ದಳಂತೆ: ಮಗುವಿಗೆ ಕೇಳಿಸುವುದೆಲ್ಲ ಬರೆದವನ ಕಿವಿಗೆ ಹೋಗಲಿ.

ಹೊಸ ಡಾಕ್ಟರು ನಕ್ಕರು. ಆ ನಗುವಿಗೆ ಮೂರನೇ ಮಹಡಿಯ ಪಾರಿವಾಳಗಳು ಹಾರಿಹೋಗಿ ಒಂದು ವಾರ ಮೊಟ್ಟೆಯಿಡಲಿಲ್ಲ. ಅವರ ಜಾಣತನವೇನು ಸಾಮಾನ್ಯವೇ? ಬಾಗಿಲಲ್ಲಿ ನಿಂತವರ ನೆರಳು ನೋಡಿ, ಅವರ ತಾತನ ಕಾಯಿಲೆಯನ್ನೂ ಹೇಳಬಲ್ಲವರು.

“ಮೇಜಿಗೂ ಒಂದು ಮಾತ್ರೆ ಬರೆದುಕೊಡ್ಲಾ ಅಕ್ಕಾ?” ಎಂದರು.

ಹನ್ನೊಂದು ವರ್ಷದ ಹುಡುಗಿ ಅಮ್ಮನ ಜೊತೆ ಬಂದಳು. ತಿಂಗಳ ಹಿಂದೆ ಅವಳ ತಮ್ಮ ಜ್ವರದಲ್ಲಿ ತೀರಿಕೊಂಡಿದ್ದ. ಕಣ್ಣಾಮುಚ್ಚಾಲೆಯಲ್ಲಿ ಎಣಿಸುತ್ತಿದ್ದವನು ಅವನೇ. ಈಗಲೂ ಅವಳಿಗೆ ನಿದ್ದೆ ಹತ್ತುವ ಹೊತ್ತಿಗೆ ಕಿವಿಯ ಹತ್ತಿರ ಎಣಿಸುತ್ತಾನೆ, ಒಂಬತ್ತಕ್ಕೆ ನಿಲ್ಲಿಸುತ್ತಾನೆ. ಅವನಿಲ್ಲವೆಂಬುದು ಅವಳಿಗೆ ಗೊತ್ತು. ಹೆದರಿಕೆಯೂ ಇಲ್ಲ. ಓದು, ಆಟ, ಗೆಳತಿಯರ ಜೊತೆ ಜಗಳ, ಎಲ್ಲ ಮೊದಲಿನಂತೆಯೇ ಇದೆ ಎಂದಳು ತಾಯಿ. ಡಾಕ್ಟರಿಗೆ ‘ದನಿ ಕೇಳಿಸುತ್ತದೆ’ ಎಂಬುದಷ್ಟೇ ಸಾಕಾಯಿತು. ಏಳೇ ನಿಮಿಷ. ನೀಲಿ ಶಾಯಿಯಲ್ಲಿ ‘ಸ್ಕಿಜೋಫ್ರೇನಿಯಾ’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದರು.

ಸಿಸ್ಟರಕ್ಕ ಆ ಗೆರೆಗಳನ್ನು ನೋಡಿ ಕಿಟಕಿಯ ಕಡೆ ಮುಖ ತಿರುಗಿಸಿದಳು.

ಮರುದಿನ ಮಧ್ಯಾಹ್ನ. ಕೋಣೆಯಲ್ಲಿ ಫಿನಾಯಿಲಿನ ವಾಸನೆ, ಅದರಡಿಯಲ್ಲಿ ಜ್ವರದ ಬೆವರಿನ ಹುಳಿ. ಕರೆಂಟು ಹೋಯಿತು. ಫ್ಯಾನು ನಿಂತಿತು. ಡಾಕ್ಟರ ಕಿವಿಯ ಹತ್ತಿರ ಬಿಸಿ ಉಸಿರು. ಒಂದು. ಎರಡು. ಪುಟ್ಟ ದನಿ. ಎಂಟು. ಒಂಬತ್ತು. ನಿಲ್ಲಲಿಲ್ಲ. ಹತ್ತು. ಬಂದೆ. ಮೇಜಿನಡಿ ಒಂದು ಬಿಸಿ ಅಂಗೈ ಅವರ ಪಾದ ಹಿಡಿಯಿತು. ಮಾರನೆಯ ದಿನ ಮೊಣಕಾಲು. ಅದರ ಮಾರನೆಯ ದಿನ ಎದೆ.

ನಾಲ್ಕನೆಯ ದಿನ ಹುಡುಗಿ ಮತ್ತೆ ಬಂದಳು. ಮಾತ್ರೆಯ ಚೀಟಿ ಅಮ್ಮನ ಕೈಯಲ್ಲಿ ಮಡಿಸಿದಂತೆಯೇ ಇತ್ತು. ಹುಡುಗಿಯ ಮುಖ ಒರೆಸಿದ ಸ್ಲೇಟಿನ ಹಾಗಿತ್ತು.

“ನನ್ ತಮ್ಮ ನಿಮ್ ಹತ್ರ ಇದಾನೆ ಅಲ್ವಾ?” ಎಂದಳು. “ವಾಪಸ್ ಕೊಡಿ.”

ಡಾಕ್ಟರು ಸಿಸ್ಟರಕ್ಕನ ಕಡೆ ತಿರುಗಿದರು. ಪಾರಿವಾಳ ಹಾರಿಸಿದ ಗಂಟಲಿನಿಂದ ಸೊಳ್ಳೆಯಷ್ಟು ಸದ್ದಿನಲ್ಲಿ ‘ಅಕ್ಕಾ’ ಎಂದರು.

“ಅದೇ ಪೆನ್ನಲ್ಲಿ ಹೊಡೆದುಹಾಕಿ, ತಪ್ಪು ನಂದು ಅಂತ ಸಹಿ ಮಾಡಿ,” ಎಂದಳು ಅಕ್ಕ. “ಅವನು ಹೋಗ್ತಾನೆ. ನಿಮ್ ಕಿವಿ ತಗೊಂಡೇ ಹೋಗ್ತಾನೆ. ಹಿಂದಿನ ಡಾಕ್ಟರಿಗೂ ಹಾಗೇ ಆಯ್ತು.”

ಎದೆಯ ಮೇಲಿನ ಅಂಗೈ ಕತ್ತಿಗೆ ಏರುತ್ತಿತ್ತು. ಆರು. ಏಳು. ಪೆನ್ನು ಸಿಗಲಿಲ್ಲ. ಸಿಕ್ಕಿತು. ಎಂಟು. ಹೊಡೆದುಹಾಕಿದರು. ಬರೆದರು. ಒಂಬತ್ತು. ಸಹಿ.

ಆಮೇಲೆ ಏನೂ ಇಲ್ಲ.

ಈಗ ಪಕ್ಕದಲ್ಲಿ ಬೆಟ್ಟ ಉರುಳಿದರೂ ಮೇಜಿನ ಕಾಗದ ಅಲುಗಾಡಿದ್ದಷ್ಟೇ ಅವರಿಗೆ ಗೊತ್ತಾಗುತ್ತದೆ. ಫ್ಯಾನು ಸದ್ದಿಲ್ಲದೆ ತಿರುಗುತ್ತದೆ. ಹೆತ್ತಮ್ಮ ಬೆನ್ನ ಹಿಂದೆ ನಿಂತು ಕರೆದರೂ ತಿರುಗುವುದಿಲ್ಲ. ಅದಕ್ಕೆ ಅಳು ಬರಬೇಕಿತ್ತು ಎಂದು ಅವರಿಗೆ ಗೊತ್ತು, ಬರುವುದಿಲ್ಲ.

ಹುಡುಗಿ ಮೂರನೇ ಭೇಟಿಗೆ ಬಂದಾಗ ಎರಡೂ ಕೈ ಎತ್ತಿ ಬೆರಳು ಬಿಚ್ಚಿ ತೋರಿಸಿದಳು. ಒಂಬತ್ತು. ಹತ್ತನೆಯದು ಮಡಿಸಿಯೇ ಇತ್ತು; ತಮ್ಮ ಮತ್ತೆ ಅಲ್ಲಿಗೇ ನಿಲ್ಲಿಸುತ್ತಿದ್ದ. ಅವಳ ತುಟಿ ನಗುತ್ತಿತ್ತು. ಡಾಕ್ಟರು ಆ ಮಡಿಸಿದ ಬೆರಳನ್ನೇ ಬಹಳ ಹೊತ್ತು ನೋಡಿ, ‘ಕಾಯಿಲೆಯಿಲ್ಲ, ದುಃಖ’ ಎಂದು ಬರೆದರು.

ಮೂರು ಭೇಟಿ ಮುಗಿದಿತ್ತು, ಪೆನ್ನು ತೆಗೆಯಬಹುದಿತ್ತು. ಪೆನ್ಸಿಲ್ಲಿನಲ್ಲೇ ಬರೆದರು.