ಹೆಳವರ ಹೊತ್ತಿಗೆಯ ಹರಿದ ಹಾಳೆ

೧೯೫೪ನೇ ಇಸವಿ ಮಾರ್ಚ್ ೯, ಮಂಗಳವಾರ ಬೆಳಗ್ಗೆ ೭.೪೦ಕ್ಕೆ ಬಸವಮ್ಮ ಗುಂಡ್ಲುಪೇಟೆ ಠಾಣೆಯ ಮೆಟ್ಟಿಲು ಹತ್ತಿದಳು. ಸಬ್ ಇನ್ಸ್‌ಪೆಕ್ಟರ್ ವೃಷಭೇಂದ್ರಪ್ಪ ಆಗಷ್ಟೇ ಬಂದು ಕುಳಿತಿದ್ದ.

"ಸ್ವಾಮಿ, ನಮ್ಮ ಯಜಮಾನ್ರು ರಾತ್ರಿ ಬಿಡಾರಕ್ಕೆ ಬರ್ನಿಲ್ಲ. ಹುಡಿಕ್ಕಂಡು ಓದ್ರೆ ಚಾಮರಾಜನಗರದ ರಸ್ತೆ ಮಂಟಪದಲ್ಲಿ ಬಿದ್ದವ್ರೆ. ಯಾರೋ ವಡ್ದು ಸಾಯ್ಸ್‌ಬುಟ್ಟವ್ರೆ."

ಸತ್ತವನು ಹೆಳವರ ನಂಜಯ್ಯ. ಎತ್ತಿನ ಮೇಲೆ ಊರೂರು ತಿರುಗಿ, ಮನೆಮನೆಯ ಮುಂದೆ ಆ ಮನೆಯವರ ವಂಶ ಹಾಡಿ, ಕೊಟ್ಟ ಕಾಳು ಪಡೆದು ಹೋಗುವವನು. ಬೆಳ್ಳಂಬೆಳಗ್ಗೆ ಬಾಗಿಲಿಗೆ ಬಂದು ಸತ್ತವರ ಹೆಸರು ಕೂಗುವ ಈ ಜನರೆಂದರೆ ವೃಷಭೇಂದ್ರಪ್ಪನಿಗೆ ಚಿಕ್ಕಂದಿನಿಂದಲೂ ಕಿರಿಕಿರಿ. ಎಫ್‌ಐಆರ್ ಬರೆಸಿ, ಕಾನ್ಸ್‌ಟೇಬಲ್ ಪುಟ್ಟಮಾದುವಿನೊಡನೆ ಹೊರಟ.

೯.೧೫ಕ್ಕೆ ಪಂಚನಾಮೆ ಶುರುವಾಯಿತು. ತಲೆಯ ಹಿಂಭಾಗಕ್ಕೆ ಒಂದೇ ಪೆಟ್ಟು, ಪಕ್ಕದಲ್ಲಿ ರಕ್ತ ಮೆತ್ತಿದ ಕಲ್ಲು, ಅದಕ್ಕಂಟಿದ ಕರಿ ಕಂಬಳಿಯ ಎಳೆಗಳು. ರಾಗಿ ಮೂಟೆ ಹಾಗೇ ಇತ್ತು, ಎತ್ತು ಕಟ್ಟಿದಲ್ಲೇ ಇತ್ತು. ವಂಶಗಳನ್ನು ಬರೆದಿಟ್ಟ ಹೊತ್ತಿಗೆಯಲ್ಲಿ ಮಾತ್ರ ಒಂದು ಹಾಳೆ ಹರಿದುಹೋಗಿತ್ತು.

"ಯಾರ ಮನೆ ಹಾಳೆ ಇದು?" ಜೊತೆಗೆ ಬಂದಿದ್ದ ಬಸವಮ್ಮನನ್ನು ವೃಷಭೇಂದ್ರಪ್ಪ ಕೇಳಿದ.

"ನಂಗೆ ಅಕ್ಸರ ಬರಕಿಲ್ಲ ಸ್ವಾಮಿ. ಯಜಮಾನ್ರ ಪದವ ಇಪ್ಪತ್ ವರ್ಸದಿಂದ ಕೇಳಿವ್ನಿ. ನಾನು ಬಾಯಲ್ಲಿ ಏಳ್ತೀನಿ, ಇವ್ರು ಹೊತ್ಗೇಲಿ ನೋಡ್ಕಂಡು ಬರ್ಲಿ."

ಗಂಡನ ಹೆಣದ ಪಕ್ಕದಲ್ಲೇ ಕುಳಿತು ಬಸವಮ್ಮ ಹಾಡತೊಡಗಿದಳು. ಪುಟ್ಟಮಾದು ಒಂದೊಂದೇ ಹೆಸರಿನ ಮೇಲೆ ಬೆರಳಾಡಿಸಿದ. ನಾಲ್ಕು ಊರುಗಳ ಮನೆಗಳು ಸರಿಹೊಂದಿದವು. ಐದನೆಯ ಊರಿನ ನಡುವೆ ಅವನ ಬೆರಳು ನಿಂತಿತು.

"ಸಾರ್, ಈ ಮನೆ ಇದ್ರಲ್ಲಿಲ್ಲ."

ಅದು ಎರಡು ಮೈಲಿಯಾಚೆಯ ರೈತ ಮರಿಮಲ್ಲಪ್ಪನ ಮನೆ. ಮರುದಿನ ಅವನ ಮಗಳ ಮದುವೆ ನಿಶ್ಚಯದ ವೀಳ್ಯ, ಚಂದಕವಾಡಿಯ ಬೀಗರ ಮುಂದೆ ನಂಜಯ್ಯ ವಂಶ ಹಾಡಬೇಕಿತ್ತು.

೧೧.೩೦ಕ್ಕೆ ಪೊಲೀಸರು ಹೋದಾಗ ಮರಿಮಲ್ಲಪ್ಪ ಚಪ್ಪರಕ್ಕೆ ಗಳ ನೆಡುತ್ತಿದ್ದ.

"ನೆನ್ನೆ ಸಂಜೆ ಎಲ್ಲಿದ್ದೆ?"

"ವಲದಲ್ಲಿ, ಸ್ವಾಮಿ."

"ಕಂಬಳಿ ಎಲ್ಲಿ?"

ಅವನ ಕಣ್ಣು ಹಿತ್ತಿಲ ಕಡೆ ಹೊರಳಿತು. ಕಂಬಳಿ ಹುಲ್ಲಿನ ಮೆದೆಯೊಳಗೆ ಸಿಕ್ಕಿತು, ಅಂಚಿನಲ್ಲಿ ಒಣಗಿದ ರಕ್ತ. ಮರಿಮಲ್ಲಪ್ಪ ಕೈಲಿದ್ದ ಗಳ ಕೆಳಗಿಟ್ಟ.

"ಎಂಬತ್ ವರ್ಸದ ಇಂದೆ ಜನ ಅಸ್ಕಂಡು ಸತ್ತ ಧಾತು ಬರದಾಗೆ ನಮ್ ತಾತ ರಸ್ತೇಲಿ ಸಿಕ್ಕಿದ ಕೂಸಂತೆ ಸ್ವಾಮಿ. ಸತ್ತೋದ ತಾಯಿ ಎದೆ ಚೀಪ್ತಾ ಇತ್ತಂತೆ. ಯಾರ ಮಗುವೋ, ಯಾವ ಜಾತಿಯೋ. ನಮ್ಮಜ್ಜಿ ಸಾಯೋ ಮುಂದೆ ನನ್ ಕಿವೀಲಿ ಏಳುದ್ಲು. ಬೀಗರಿಗೆ ಗೊತ್ತಾದ್ರೆ ಮಗಳ ಗತಿ?"

"ನಂಜಯ್ಯನಿಗೆ ಹೇಳಿದೆಯಾ?"

"ಎಂಗೆ ಏಳ್ಲಿ? ನಮ್ ತಾತನ ಎಸ್ರು ಬುಟ್ಟು ಆಡು ಅಂದೆ. ಸತ್ತವ್ರ ಎಸ್ರು ಬುಡಕ್ಕಾಗಕಿಲ್ಲ ಕಣಪ್ಪ, ಇಲ್ಲೇ ಬರ್ದದೆ ನೋಡು ಅಂತ ಹಾಳೆ ತಗ್ದು ತೋರುಸ್ದ. ಕಲ್ಲು ಕೈಗೆ ಸಿಕ್ತು." ಹಾಳೆಯನ್ನು ಒಲೆಗೆ ಹಾಕಿದ್ದ. ಅವನಿಗೂ ಓದು ಬರುತ್ತಿರಲಿಲ್ಲ.

ಮಧ್ಯಾಹ್ನ ೧.೧೦ಕ್ಕೆ ದಸ್ತಗಿರಿಯಾಯಿತು. ಒಳಗೆ ಮಗಳು ಅಳುತ್ತಿದ್ದಳು.

ಸುಟ್ಟ ಹಾಳೆಯಲ್ಲಿ ಏನಿತ್ತೆಂಬುದು ದಾಖಲೆಗೆ ಬೇಕಿತ್ತು. ನಾಲ್ಕು ಗಂಟೆಗೆ ಠಾಣೆಯಲ್ಲಿ ಬಸವಮ್ಮ ಹೇಳಿದಳು, ಪುಟ್ಟಮಾದು ಬರೆದುಕೊಂಡ. ಲಾಕಪ್ಪಿನ ಸರಳು ಹಿಡಿದು ಮರಿಮಲ್ಲಪ್ಪ ಕೇಳುತ್ತಿದ್ದ.

"ದೊಡ್ಡಮಲ್ಲಪ್ಪನ ಮಗ ಪುಟ್ಟಮಲ್ಲಪ್ಪ, ಧಾತು ಬರದಾಗೆ ತೊಟ್ಲು ತೂಗಿಸ್ಕಂಡ ಮಗ, ಮನೆ ಬೆಳಗಿದ ಮಗ..."

ವೃಷಭೇಂದ್ರಪ್ಪ ಕೈಯೆತ್ತಿ ತಡೆದ. "ಸಿಕ್ಕಿದ ಕೂಸು ಅಂತ ಬರೆದಿರಲಿಲ್ಲವೇನಮ್ಮಾ?"

"ಮನೇವ್ರು ಮಗ ಅಂತ ತೊಟ್ಲಿಗಾಕುದ್ರೆ ನಾವೂ ಮಗ ಅಂತ್ಲೇ ಬರ್ಯೋದು ಸ್ವಾಮಿ. ಎಲ್ಲಿಂದ ತಂದ್ರಿ ಅಂತ ನಮ್ಮೋರು ಯಾವತ್ತೂ ಕೇಳ್ದೋರಲ್ಲ."

ಸರಳಿನ ಹಿಂದಿನಿಂದ ನರಳಿಕೆಯಂಥ ದನಿ ಬಂತು.  ವೃಷಭೇಂದ್ರಪ್ಪ ಕೊಲೆಯ ಕಾರಣವೆಂಬ ಕಾಲಮಿನಲ್ಲಿ 'ಮಾನಕ್ಕೆ ಅಂಜಿ' ಎಂದಷ್ಟೇ ಬರೆದ.

ಬಸವಮ್ಮ ನಿಲ್ಲಿಸಲಿಲ್ಲ. "ಪುಟ್ಟಮಲ್ಲಪ್ಪನ ಮಗ ಶಂಭುಲಿಂಗಪ್ಪ. ಶಂಭುಲಿಂಗಪ್ಪನ ಮಗ ಮರಿಮಲ್ಲಪ್ಪ."  ಅಲ್ಲಿಗೆ ಬಂದು ಪುಟ್ಟಮಾದುವಿನ ಕಡೆ ತಿರುಗಿದಳು.

"ಈ ಹಾಳೆ ಹೊತ್ಗೆಗೆ ಸೇರಿಸ್ಬೇಕು ಕಣಪ್ಪ. ಇವ್ನ ಎಸ್ರ ಮುಂದೆ ಏನಂತ ಬರ್ಸನ?"

ಪುಟ್ಟಮಾದು ಲೇಖನಿ ಹಿಡಿದೇ ಸಬ್ ಇನ್ಸ್‌ಪೆಕ್ಟರರ ಮುಖ ನೋಡಿದ.