ನಕ್ಷತ್ರದ ಹೊರಗಿನ ಸುತ್ತು

“ಇನ್ನೂ ಜೋರಾಗಿ ತಳ್ಳು! ಏನು, ಗೋಡೆಗೆ ಪೋಸ್ಟರ್ ಅಂಟಿಸ್ತಾ ಇದೀಯಾ?”

ವಿಜ್ಞಾನದ ಮೇಷ್ಟ್ರು ಮೈದಾನದಲ್ಲಿ ನಿಂತು ಕೂಗಿದರು. ಬೈಸಿಕೊಂಡವಳು ಪಟಾಕಿ. ಅದು ಅಜ್ಜಿ ಇಟ್ಟ ಅಡ್ಡಹೆಸರು. ಬೆಂಕಿ ತಾಗುವ ಮೊದಲೇ ಸಿಡಿಯುತ್ತಾಳೆ ಅಂತ.

ಸ್ಕೂಲಿನ ವಿಜ್ಞಾನ ಪ್ರದರ್ಶನಕ್ಕೆ ಐದನೇ ಕ್ಲಾಸಿನವರೆಲ್ಲ ಸೇರಿ ಒಂದು ನಕ್ಷತ್ರ ಆಗಬೇಕಿತ್ತು. ನಡುವೆ ಕೆಲವರು ಹೊರಗೆ ಮುಖ ಮಾಡಿ ನಿಲ್ಲಬೇಕು. ಅವರು ಒಳಗಿನ ಶಾಖ. ಅವರ ಎದುರಿಗೆ, ಸುತ್ತಲೂ ಉಳಿದವರು. ಇವರು ನಕ್ಷತ್ರದ ಮೈಭಾರ. ಅಂಗೈಗೆ ಅಂಗೈ ಕೊಟ್ಟು ಅವರು ಹೊರಗೆ ತಳ್ಳಬೇಕು, ಇವರು ಒಳಗೆ ತಳ್ಳಬೇಕು.

“ಎರಡೂ ಸಮ ಇದ್ರೆ ನಕ್ಷತ್ರ ನಿಂತಿರುತ್ತೆ. ಕೋಟಿಗಟ್ಟಲೆ ವರ್ಷ!” ಅಂದರು ಮೇಷ್ಟ್ರು.

ಪಟಾಕಿಗೆ ಕೋಟಿ ವರ್ಷ ಬೇಕಿರಲಿಲ್ಲ. ನಡುವಿನ ಜಾಗ ಬೇಕಿತ್ತು. ಅಲ್ಲಿ ಗಿಣಿ ನಿಂತಿದ್ದಳು.

ಗಿಣಿ ಅಂದರೆ ಚಿಕ್ಕಮ್ಮನ ಮಗಳು. ನರ್ಸ್ ಆಗಿರುವ ಚಿಕ್ಕಮ್ಮನಿಗೆ ದೂರದ ಆಸ್ಪತ್ರೆಗೆ ವರ್ಗವಾಗಿದ್ದರಿಂದ ಈ ವರ್ಷ ಗಿಣಿ ಇವರ ಮನೆಯಲ್ಲೇ. ಪಟಾಕಿಯ ಮಂಚದಲ್ಲಿ ಅರ್ಧ ಅವಳಿಗೆ, ಕಪಾಟಿನಲ್ಲಿ ಅರ್ಧ ಅವಳಿಗೆ. ಅಮ್ಮನಲ್ಲಂತೂ ಅರ್ಧಕ್ಕಿಂತ ಜಾಸ್ತಿಯೇ ಹೋಗಿದೆ ಅಂತ ಪಟಾಕಿಯ ಲೆಕ್ಕ.

ಅದನ್ನೂ ಸಹಿಸಬಹುದಿತ್ತು. ಆದರೆ ಪಂಪಿನ ವಿಷಯವನ್ನು ಸಹಿಸುವುದು ಹೇಗೆ?

ಹೋದ ಭಾನುವಾರ ಇಬ್ಬರೂ ಸೈಕಲ್ಲಿಗೆ ಗಾಳಿ ಹಾಕುತ್ತಿದ್ದರು. ಪಟಾಕಿ ಪಂಪನ್ನು ಒತ್ತಿಯೇ ಒತ್ತಿದಳು. ಆಮೇಲೆ ಅದರ ಬುಡ ಮುಟ್ಟಿ “ಅಯ್ಯಯ್ಯೋ!” ಎಂದು ಕೈ ಕೊಡವಿದಳು. ಬೆಂಕಿ ಇಲ್ಲ, ಬಿಸಿಲಿಲ್ಲ, ಕಬ್ಬಿಣ ಮಾತ್ರ ಸುಡುತ್ತಿತ್ತು! ಗಿಣಿ ಆ ಬೆರಳಿಗೆ ಉಫ್ ಉಫ್ ಎಂದು ಊದಿದಳು.

ಮರುದಿನ ಕ್ಲಾಸಿನಲ್ಲಿ ಮೇಷ್ಟ್ರು ಕೇಳಿದರು: “ಅದುಮಿದ್ರೆ ಬಿಸಿಯಾಗೋದು ಏನನ್ನಾದ್ರೂ ನೋಡಿದೀರಾ?”

ಪಟಾಕಿ ಕೈ ಎತ್ತಿದಳು. ಎತ್ತಿದ ಕೈ ಇನ್ನೂ ಮೇಲಿರುವಾಗಲೇ ಗಿಣಿ “ಸೈಕಲ್ ಪಂಪ್, ಸರ್!” ಅಂದೇಬಿಟ್ಟಳು.

“ಭೇಷ್! ಪಂಪಿನಲ್ಲಿ ಅದುಮಿಸಿಕೊಳ್ಳೋದು ಗಾಳಿ. ನಕ್ಷತ್ರದೊಳಗೆ ಇರೋದೂ ಗಾಳಿಯಂಥದ್ದೇ. ನಕ್ಷತ್ರ ಬೆಳಕು ಕೊಟ್ಟು ಕೊಟ್ಟು ಒಳಗಿನ ಶಾಖ ಸೋತ್ರೆ, ಮೈಭಾರ ನಡುವನ್ನ ಅದುಮುತ್ತೆ. ಅದುಮಿದಷ್ಟೂ ನಡು ಇನ್ನೂ ಬಿಸಿ! ಆ ಬಿಸಿ ಮತ್ತೆ ಹೊರಗೆ ತಳ್ಳುತ್ತೆ. ತಮಾಷೆ ನೋಡಿ, ಶಾಖ ಕಳ್ಕೊಂಡ್ರೆ ನಿಮ್ಮ ಹಾಲಿನ ಲೋಟ ತಣ್ಣಗಾಗುತ್ತೆ, ನಕ್ಷತ್ರದ ಹೊಟ್ಟೆ ಬಿಸಿಯಾಗುತ್ತೆ! ಗಿಣಿ, ನೀನೇ ನಡುವೆ ನಿಲ್ಲು. ಮೈಕಲ್ಲಿ ಹೇಳೋದೂ ನೀನೇ.”

ಸುಟ್ಟಿದ್ದು ಪಟಾಕಿಯ ಬೆರಳು, ಹೆಸರು ಬಂದದ್ದು ಗಿಣಿಗೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹೊಟ್ಟೆಕಿಚ್ಚು ಅಂದರೆ ಏನೆಂದು ಅವತ್ತು ಪಟಾಕಿಗೆ ಗೊತ್ತಾಯಿತು. ಅದು ನಿಜವಾಗಲೂ ಹೊಟ್ಟೆಯೊಳಗೇ ಉರಿಯುತ್ತದೆ. ಎರಡು ಲೋಟ ನೀರು ಕುಡಿದರೂ ಆರುವುದಿಲ್ಲ.

ಅಮ್ಮ ಟೈಲರ್. ನಡುವೆ ನಿಲ್ಲುವವರ ಕೆಂಪು ಅಂಗಿ ಹೊಲಿಯುವ ಕೆಲಸ ಅವಳ ಪಾಲಿಗೇ ಬಂತು.

“ನಂಗೆ?” ಪಟಾಕಿ ಕೇಳಿದಳು.

“ನೀನು ಹೊರಗಿನ ಸುತ್ತು ತಾನೇ? ಯೂನಿಫಾರ್ಮ್ ಸಾಕು. ಗಿಣಿ, ಕೈ ಎತ್ತಮ್ಮ, ಕಂಕುಳಲ್ಲಿ ಬಿಗಿಯುತ್ತಾ ನೋಡೋಣ.”

“ಪಂಪಿನ ಉತ್ತರ ನಂದಮ್ಮ! ಇವಳು ಕದ್ದಳು!”

“ನೀನು ಕೈ ಎತ್ತಿದ್ದು ಕಾಣಿಸ್ಲಿಲ್ಲ ಕಣೇ,” ಅಂದಳು ಗಿಣಿ ಮೆಲ್ಲಗೆ. “ನಾನು ಮುಂದಿನ ಬೆಂಚು ಅಲ್ವಾ?”

“ಪಂಪೇನು ಯಾರಪ್ಪನ ಸ್ವತ್ತೂ ಅಲ್ಲ. ಸುಮ್ನಿರ‍್ರೇ,” ಎಂದು ಅಮ್ಮ ಮಿಷನ್ ತುಳಿದಳು. ಅದರ ಸದ್ದಿನಲ್ಲಿ ಪಟಾಕಿಯ ಮುಂದಿನ ಮಾತು ಯಾರಿಗೂ ಕೇಳಿಸಲಿಲ್ಲ.

ಪ್ರದರ್ಶನದ ದಿನ ಮೈದಾನದ ತುಂಬ ಅಪ್ಪ ಅಮ್ಮಂದಿರು. ಪಟಾಕಿ ಮತ್ತು ಗಿಣಿ ಒಂದೇ ಎತ್ತರ ಇದ್ದದ್ದರಿಂದ ಮೇಷ್ಟ್ರು ಅವರಿಬ್ಬರನ್ನೇ ಎದುರುಬದುರು ನಿಲ್ಲಿಸಿದರು. ಗಿಣಿ ಮೈಕಿನಲ್ಲಿ ಹೇಳಬೇಕಾದದ್ದನ್ನು ಒಂದೂ ತಪ್ಪದೆ ಹೇಳಿ, ಓಡಿ ಬಂದು, ಅಂಗೈ ಮುಂದೆ ಚಾಚಿದಳು.

“ಗಿಣೀ, ಇಲ್ಲಿ ನೋಡಮ್ಮಾ!”

ಅಮ್ಮ! ಮುಂದಿನ ಸಾಲಿನಲ್ಲಿ ಫೋನ್ ಹಿಡಿದು ನಿಂತಿದ್ದಳು. ವಿಡಿಯೋ ಚಿಕ್ಕಮ್ಮನಿಗೆ ಕಳಿಸಲು ಅಂತ ಬೆಳಿಗ್ಗೆಯೇ ಹೇಳಿದ್ದಳು. ಆದರೆ ಹೊಟ್ಟೆಕಿಚ್ಚಿಗೆ ಕಿವಿ ಎಲ್ಲಿದೆ? ಅಮ್ಮ ಕೂಗಿದ್ದು ಗಿಣಿಯ ಹೆಸರು, ಅಷ್ಟೇ ಪಟಾಕಿಗೆ ಕೇಳಿಸಿದ್ದು.

ಅವಳು ಹಲ್ಲು ಕಚ್ಚಿ ತಳ್ಳಿದಳು. ಗಿಣಿಯೂ ಮುಖ ಕೆಂಪಗಾಗಿಸಿಕೊಂಡು ತಳ್ಳಿದಳು. ಇವಳು ಇನ್ನೂ ಜೋರು, ಅವಳೂ ಇನ್ನೂ ಜೋರು. ಜನ ಚಪ್ಪಾಳೆ ತಟ್ಟಿದರು. ನಾನು ಬೆವರು ಸುರಿಸಿ ತಳ್ಳಿದರೂ ಚಪ್ಪಾಳೆ ಮಾತ್ರ ಕೆಂಪು ಅಂಗಿಗೆ, ಅನ್ನಿಸಿತು ಪಟಾಕಿಗೆ.

ಅವಳು ಥಟ್ಟನೆ ಕೈ ತೆಗೆದು ಪಕ್ಕಕ್ಕೆ ಸರಿದಳು.

ಗಿಣಿ ಮುಗ್ಗರಿಸಿ ಮಂಡಿಯ ಮೇಲೆ ಬಿದ್ದಳು. ಅವಳ ಹಿಂದೆ ಇನ್ನಿಬ್ಬರು ಬಿದ್ದರು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಇಡೀ ನಕ್ಷತ್ರ ಚೆಲ್ಲಾಪಿಲ್ಲಿ.

ಮೇಷ್ಟ್ರು ಮೈಕ್ ಎತ್ತಿಕೊಂಡರು. “ನೋಡಿ, ಮೈಭಾರ ಕೈ ಕೊಟ್ರೆ ನಕ್ಷತ್ರದ ಗತಿ ಇದೇ! ಇನ್ನೊಂದು ಸಲ ಮಾಡೋಣ.” ಜನ ಗೊಳ್ಳೆಂದು ನಕ್ಕರು.

ಗಿಣಿ ಎದ್ದು ಮಂಡಿಯ ಮಣ್ಣು ಒರೆಸಿಕೊಂಡಳು. ಚರ್ಮ ತರಚಿತ್ತು. ಬೈಯಲಿ ನೋಡೋಣ ಅಂತ ಪಟಾಕಿ ಉತ್ತರ ಸಿದ್ಧ ಮಾಡಿಕೊಂಡೇ ನಿಂತಿದ್ದಳು. ಅಮ್ಮನ ವಿಷಯ, ಪಂಪಿನ ವಿಷಯ, ಎಲ್ಲ ನಾಲಗೆಯ ತುದಿಯಲ್ಲೇ ಇತ್ತು.

ಗಿಣಿ ಬೈಯಲಿಲ್ಲ.

“ಎದುರಿಗೆ ನೀನಿದೀಯಲ್ಲ ಅಂತ ಪೂರ್ತಿ ಭಾರ ಬಿಟ್ಟಿದ್ದೆ ಕಣೇ,” ಅಂದಳು.

ಪಟಾಕಿ ಅವಳ ತರಚಿದ ಮಂಡಿಯನ್ನು ನೋಡಿದಳು.

“ರೆಡೀ!” ಮೇಷ್ಟ್ರು ಕೂಗಿದರು. ಎಲ್ಲರೂ ಮತ್ತೆ ಸುತ್ತುಗಟ್ಟಿದರು. ಪಟಾಕಿ ಅಂಗೈ ಚಾಚಿದಳು. ಒಂದು ಗಳಿಗೆ ಬಿಟ್ಟು ಗಿಣಿಯ ಅಂಗೈ ಬಂತು.

ಆದರೆ ಈ ಸಲ ಅದು ಸುಮ್ಮನೆ ತಾಗಿತ್ತು, ಅಷ್ಟೇ. ಮತ್ತೆ ಬೀಳಬಾರದಲ್ಲ ಎಂದು ಗಿಣಿ ತನ್ನ ಭಾರವನ್ನೆಲ್ಲ ತನ್ನ ಕಾಲ ಮೇಲೇ ಇಟ್ಟುಕೊಂಡು ನಿಂತಿದ್ದಳು. ದೂರದಿಂದ ನೋಡುವವರಿಗೆ ಅದು ಕಾಣುವಂತಿರಲಿಲ್ಲ. ಅಮ್ಮನ ಫೋನಿನಲ್ಲೂ ಕಾಣುವುದಿಲ್ಲ. ಪಟಾಕಿಯ ಅಂಗೈಗಳಿಗೆ ಮಾತ್ರ ಗೊತ್ತಾಗುತ್ತಿತ್ತು.

ಹೊಟ್ಟೆಯ ಉರಿ ಎಲ್ಲಿ ಹೋಯಿತೋ. ಈಗ ಅಳು ಬರುವ ಹಾಗಿತ್ತು. ಅವಳು ಕಾಲನ್ನು ಗಟ್ಟಿಯಾಗಿ ಊರಿ, ಕೈ ಅಲುಗದಂತೆ ಹಿಡಿದು, ಆ ಭಾರ ಮತ್ತೆ ತನ್ನ ಮೇಲೆ ಬರಲೆಂದು ಕಾಯುತ್ತ ನಿಂತಳು.