ಅತ್ತೆಯವರ ಕೈ

ಇದು ನಮಗೇ ಆದದ್ದು. ನಂಬುವುದು ಬಿಡುವುದು ನಿಮಗೆ ಸೇರಿದ್ದು. ಅತ್ತೆಯವರ ಕಣ್ಣು ಮಂಜಾದ ಮೇಲೆ, ಔಷಧಿ ಅಂಗಡಿ, ಪಾರ್ಕು ಎಲ್ಲ ನಡೆದೇ ಹೋಗುವಷ್ಟು ಹತ್ತಿರವಿರುವ ಕಡೆ ಮನೆ ಕೊಳ್ಳಬೇಕೆಂದು ನಾನೂ ನನ್ನ ಗಂಡನೂ ಹಠ ಹಿಡಿದಿದ್ದೆವು.

ಒಂದು ಮಧ್ಯಾಹ್ನ ಬ್ರೋಕರ್ ತೋರಿಸಿದ ಬೀದಿಗೇ ನನ್ನ ಮನಸ್ಸು ಸೋತುಹೋಯಿತು. ಎರಡೂ ಬದಿ ಸಾಲುಮರ, ಅಗಲವಾದ ಫುಟ್‌ಪಾತು, ಮನೆಯ ಎದುರಿಗೇ ಒಂದು ಬೆಂಚು.

ಅತ್ತೆಯವರ ಕೈ ಹಿಡಿದು ಒಳಗೆ ಕರೆದುಕೊಂಡು ಹೋದೆ. ಹೊರಗೆ ಸುಡುಬಿಸಿಲು, ಅವರ ಕೈ ಮಾತ್ರ ಆಗಷ್ಟೇ ಬಾವಿಯಿಂದ ತೆಗೆದಂತೆ ತಣ್ಣಗಿತ್ತು. ಹೊಸ್ತಿಲಿಗೂ ತಡವರಿಸುವ ಹೆಂಗಸು ನನ್ನನ್ನೇ ಎಳೆದುಕೊಂಡು ಸರಸರ ಮಹಡಿ ಹತ್ತಿದರು.

"ಅಮ್ಮನಿಗೆ ಮನೆ ಹಿಡಿಸಿತು ಕಣೇ" ಎಂದು ಇವರು ನಕ್ಕರು.

ಮೇಲಿನ ಕೋಣೆಯಲ್ಲಿ ಅವರು ಕೈ ಬಿಡಿಸಿಕೊಂಡು ಕಿಟಕಿಯ ಹತ್ತಿರ ಕೂತರು. ನಾವು ಕೆಳಗಿಳಿದು ಅಡುಗೆಮನೆ ನೋಡಿ ಹೊರಬಂದರೆ, ಅತ್ತೆ ಬೀದಿಯ ಬೆಂಚಿನ ಮೇಲಿದ್ದರು. ಆಗಲೇ ಒಬ್ಬರೇ ಇಳಿದು ಬಂದುಬಿಟ್ಟರಲ್ಲ ಎಂದುಕೊಂಡೆ.

ಮನೆಗೆ ಬಂದು ಟೀ ಕೊಡುತ್ತಾ ಕೇಳಿದೆ: "ಮನೆ ಹೇಗನ್ನಿಸ್ತು ಅತ್ತೆ?"

"ನಾನೆಲ್ಲಿ ಒಳಗೆ ಬಂದೆ? ಕಾಲು ನೋಯ್ತಿದೆ, ಬೆಂಚಲ್ಲೇ ಕೂತಿರ್ತೀನಿ ಅಂದೆ. ನೀವಿಬ್ಬರೇ ತಾನೇ ಹೋದದ್ದು?"

ಇವರ ಮುಖ ಬಿಳಿಚಿಕೊಂಡಿತು. ನಾನು ಸೆರಗಿಗೆ ಕೈ ಒರೆಸಿಕೊಳ್ಳುತ್ತಲೇ ಇದ್ದೆ. ಅಷ್ಟರಲ್ಲಿ ಬ್ರೋಕರ್ ಫೋನ್ ಬಂತು.

"ಮೇಡಂ, ಬೀಗ ಹಾಕೋಕೆ ಬಂದಿದ್ದೀನಿ. ಅಮ್ಮ ಇನ್ನೂ ಮಹಡಿ ಮೇಲೇ ಕೂತಿದ್ದಾರೆ, ಎಷ್ಟು ಕರೆದರೂ ಏಳ್ತಾ ಇಲ್ಲ. ಯಾರಾದರೂ ಬಂದು ಕರ್ಕೊಂಡು ಹೋಗ್ತೀರಾ?"